ಅದಲುಬದಲಾದ ಕಾರ್ಡು

“ನಿನ್ನ ಕಾರ್ಡು ಅವಗ ಕೊಡು, ಅವಂದು ನೀ ತಗೊ. ಈಗ ಮತ್ತ ಹೇಳ್ರಿ, ಯಾವುದು ಗೆಲ್ತೈತಿ?” ಎಂದರು ನಮ್ಮ ಅತ್ತೆ.

ಮನೋಳಿಯ ಮನೆಯ ಪಡಸಾಲೆಯಲ್ಲಿ ನನ್ನ ಮಗಳು ಸುಜಾತಾ ಮತ್ತು ಮೈದುನನ ಹೆಂಡತಿ, ಅಂದರೆ ನನ್ನ ನೆಗೆಣ್ಣಿಯ ಮಗ ಬಸು ಕಾರ್ಡಿನಾಟಕ್ಕೆ ಜಗಳ ತೆಗೆದಿದ್ದರು. ಬಸುವಿನ ಡ್ರ್ಯಾಗನ್ ಕಾರ್ಡಿನಲ್ಲಿ ‘ಇದರ ಬೆಂಕಿಯನ್ನು ಯಾರೂ ನಿಲ್ಲಿಸಲಾರರು’ ಎಂದಿತ್ತು. ಸುಜಾತಾಳ ಆಮೆ ಕಾರ್ಡಿನಲ್ಲಿ ‘ಮೊದಲ ಏಟು ಇದಕ್ಕೆ ತಟ್ಟುವುದಿಲ್ಲ’ ಎಂದಿತ್ತು. ಗೆದ್ದವರಿಗೆ ಎರಡೂ ಕಾರ್ಡು. ತನ್ನದೇ ಗೆಲ್ಲುತ್ತದೆ ಎಂದು ಇಬ್ಬರದೂ ಹಟ.

ಆಮೆ ಕೈಗೆ ಬಂದದ್ದೇ ತಡ, ಬಸು ಆಮೆಯೇ ಗೆಲ್ಲುತ್ತದೆ ಎಂದುಬಿಟ್ಟ. ಡ್ರ್ಯಾಗನ್ ಹಿಡಿದ ಸುಜಾತಾಳ ಕಣ್ಣು ತುಂಬಿ ಬಂದವು.

“ಬೆಂಕಿ ನಿಲ್ಲೂದಿಲ್ಲ, ಖರೆ. ಆದ್ರ ಆಮಿಗೆ ತಟ್ಟೂದಿಲ್ಲ. ಆಗೂ ನಾ ಅದನ್ನ ಹೇಳಿದ್ದೆ, ಆಯಿ” ಎಂದು ಅಜ್ಜಿಗೆ ಹೇಳಿ ಡ್ರ್ಯಾಗನ್ನನ್ನು ಬಸುವಿನ ಮುಂದಿಟ್ಟಳು.

ಒಂದಕ್ಷರ ಓದಲು ಬಾರದ ಅತ್ತೆ ಎರಡೂ ಕಾರ್ಡನ್ನು ಎತ್ತಿ ಸುಜಾತಾಳ ಉಡಿಗೆ ಹಾಕಿದರು.

ಹೊಲದ ಬಾವಿಯ ನೀರಿನ ಪಾಳಿಗಾಗಿ ನಾನೂ ನೆಗೆಣ್ಣಿಯೂ ಆಗ ಮಾತು ಬಿಟ್ಟು ಎರಡು ತಿಂಗಳಾಗಿತ್ತು. ನನ್ನದು ಹಗಲಿನ ಪಾಳಿ, ಅವಳದು ರಾತ್ರಿಯದು; ಅದೇ ಸರಿ ಎಂಬುದು ನನ್ನ ಹಟ. ಅವಳ ಪಾಳಿ ನನಗೆ, ನನ್ನದು ಅವಳಿಗೆ ಬಂದರೆ ನಾನೇನು ಹೇಳುತ್ತಿದ್ದೆ ಎಂದು ಅಲ್ಲೇ ಕುಳಿತು ಯೋಚಿಸಿದೆ. ಉತ್ತರ ಸಿಕ್ಕಿತು. ಮಗಳ ಮುಖ ನೋಡಲಾಗಲಿಲ್ಲ.