ಹೂಂ ಅನ್ನುವವರು

ಹಾನಗಲ್ಲಿನ ನಮ್ಮ ಮನೆಯ ಅಡುಗೆಕೋಣೆಗೆ ಹೊಂದಿಕೊಂಡ ಸಣ್ಣ ಕೋಣೆಯಲ್ಲಿ ಕೂತು, ಸಂಜೆ ಆರಕ್ಕೆ ನಾನು ಎಂ.ಎ. ವಿದ್ಯಾರ್ಥಿಗಳಿಗೆ ಆನ್‌ಲೈನಿನಲ್ಲಿ ಅರ್ಥಶಾಸ್ತ್ರ ಹೇಳುತ್ತಿದ್ದೆ. ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯವರು. ಹೇಳುತ್ತಿದ್ದೆ ಏನು ಬಂತು, ಗೋಡೆಗೆ ಹೇಳುತ್ತಿದ್ದೆ ಅನ್ನಿ! ಪರದೆಯ ತುಂಬ ಕಪ್ಪು ಚೌಕಗಳು, ಚೌಕಕ್ಕೊಂದು ಹೆಸರು. ಮುಖವಿಲ್ಲ, ಕೆಮ್ಮಿಲ್ಲ, ಒಂದು ಆಕಳಿಕೆಯೂ ಇಲ್ಲ. ತರಗತಿಯಲ್ಲಾದರೆ ಕಿಡಕಿಯಾಚೆ ನೋಡುವವನನ್ನು "ಏ, ಇಲ್ಲಿ ನೋಡಪಾ" ಎಂದು ಗದರಬಹುದು. ಇಲ್ಲಿ ಯಾರನ್ನು ಗದರಲಿ? "ಕೇಳಸಾಕತ್ತೈತೇನು?" ಎಂದು ದಿನಾ ಕೇಳುವುದಷ್ಟೇ. ಪಾಠ ಮುಗಿಸಿ ಎದ್ದಾಗ ದಿನವಿಡೀ ಕಳೆ ಕಿತ್ತವಳ ಹಾಗೆ ಸೊಂಟ ಹಿಡಿದಿರುತ್ತಿತ್ತು.

ಈ ಸೆಮಿಸ್ಟರ್ ಮುಗಿದ ಮೇಲೆ ಬಿಡುತ್ತೇನೆ ಎಂದು ಯಜಮಾನರಿಗೆ ಹೇಳಿಯೂ ಆಗಿತ್ತು. "ಒಬ್ಬರಾದ್ರೂ ಖರೇನ ಕೇಳಾಕತ್ತಾರ ಅಂತ ಗೊತ್ತಾದ್ರ ಮುಂದುವರಸ್ತೇನಿ. ಇಲ್ಲಂದ್ರ ಸಾಕ್ರಿ" ಅಂದಿದ್ದೆ. ಅವರು ಚಹಾ ಮಾಡಿ ಕೊಟ್ಟರು.

ಅಂಥದ್ದರಲ್ಲಿ ಒಂದು ಸಂಜೆ, ಬೆಲೆ ಏರಿದರೆ ಬೇಡಿಕೆ ಇಳಿಯುತ್ತದೆ ಎಂದು ವಿವರಿಸುತ್ತಿರುವಾಗ ಯಾವುದೋ ಚೌಕದಿಂದ "ಹೂಂ" ಎಂದು ಕೇಳಿಸಿತು. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಇನ್ನೊಂದು ಮಾತು ಹೇಳಿದೆ. ಮತ್ತೆ "ಹೂಂ". ನಮ್ಮ ಕಡೆ ಕತೆ ಕೇಳುವವರು ಹೀಗೆಯೇ ಹೂಂಗುಡುತ್ತಾರೆ; ಅದು ನಿಂತರೆ ಹೇಳುವವರೂ ನಿಲ್ಲಿಸುತ್ತಾರೆ. ನೋಡಿದರೆ ಸವಣೂರಿನ ಹುಡುಗಿಯ ಹೆಸರು, ಹೊಸದಾಗಿ ಮದುವೆಯಾದವಳು. ಆ ದಿನದಿಂದ ನಾನು ಆ ಒಂದು ಚೌಕಕ್ಕೇ ಪಾಠ ಹೇಳತೊಡಗಿದೆ. ಅಯ್ಯೋ, ಎಷ್ಟು ಹಿಗ್ಗು ನನಗೆ! ಉಳಿದವರಿಗೆ "ಆಕಿನ್ನ ನೋಡಿ ಕಲೀರಿ" ಎಂದು ಚುಚ್ಚಿದ್ದೂ ಉಂಟು.

ಕೆಲವು ವಾರ ಹೀಗೆ ನಡೆಯಿತು. ಒಂದು ದಿನ ಉಮೇದಿನಲ್ಲಿ ಅವಳನ್ನೇ ಕೇಳಿದೆ: "ಈಗ ನೀ ಹೇಳವಾ, ಬೇಡಿಕೆ ಯಾಕ ಇಳೀತು?"

"ಹೂಂ."

"ಹೂಂ ಅಲ್ಲವಾ, ಉತ್ತರ ಹೇಳು."

"ನಾ ಆಕಿ ಅಲ್ರಿ ಅಕ್ಕೋರ. ಆಕಿ ಅತ್ತಿ ನಾ."

"ಸೊಸಿ ಎಲ್ಲಿ ಅದಾಳ್ರಿ?"

"ಖಾರಾ ಕರಿಯೂ ಅಂಗಡ್ಯಾಗ ಕೆಲಸಕ್ಕ ಹೋಗ್ಯಾಳ್ರಿ, ಬರೂದ್ರಾಗ ಏಳ ದಾಟತೈತಿ. ಹಾಜರಿ ಬೀಳ್ಲಿ ಅಂತ, ಎಲ್ಲಿ ಒತ್ತಬೇಕು ತೋರಿಸಿ ಫೋನ್ ನನ್ನ ಕೈಯಾಗ ಕೊಟ್ಟಾಳ. ನಾ ವೀಳ್ಯದೆಲಿ ಜೋಡಸ್ಕೋತ ಕೇಳ್ತೇನ್ರಿ."

"ನಿಮಗ ತಿಳೀತಿತ್ತೇನ್ರಿ?"

"ನನಗೇನ್ ತಿಳೀತೈತ್ರಿ! ನೀವು ಒಬ್ಬರ ಮಾತಾಡಾಕತ್ತಿದ್ರಿ, ಯಾರೂ ಹೂಂ ಅನವಲ್ರು. ಪಾಪ ಅನಸ್ತು."

ಆಗಲೂ ಯಾರೂ ನಗಲಿಲ್ಲ. ನಕ್ಕಿದ್ದರೂ ಆಗುತ್ತಿತ್ತು. ಪರದೆ ಆರಿಸಿ ಅಲ್ಲೇ ಕೂತೆ, ಕಣ್ಣಲ್ಲಿ ನೀರು ಬಂತು. ಕೇಳುತ್ತಾಳೆ ಎಂದು ನಾನು ನಂಬಿದ್ದ ಆ ಒಬ್ಬಳೂ ಅಲ್ಲಿರಲಿಲ್ಲ. ಸಿಟ್ಟೂ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಆರು ಗಂಟೆ ಯಾರಿಗೆ ಅನುಕೂಲ ಎಂದು ಯಾರೂ ಯಾರನ್ನೂ ಕೇಳಿರಲಿಲ್ಲವಲ್ಲ.

ಬಿಡುವುದಾದರೆ ಬಿಡೋಣ, ಆ ಹುಡುಗಿಯ ದನಿಯನ್ನಾದರೂ ಒಮ್ಮೆ ಕೇಳಿ ಬಿಡೋಣ ಎಂದು ಪಾಠವನ್ನು ಎಂಟಕ್ಕೆ ಇಟ್ಟೆ. ಅವಳೇ ಬಂದಳು. ಕ್ಯಾಮರಾ ಹಾಕಿದ್ದಳು, ದಣಿದ ಮುಖ, ಇನ್ನೂ ಕೈಕಾಲು ತೊಳೆದ ಹಾಗಿರಲಿಲ್ಲ. ಅರ್ಧ ಗಂಟೆ ಹೇಳಿದೆ. ಒಂದು ಹೂಂ ಇಲ್ಲ.

"ಯಾಕವಾ, ಸುಮ್ಮನ ಕುಂತಿ?"

"ಸಿಟ್ಟಾಗಬ್ಯಾಡ್ರಿ ಮೇಡಂ. ನನಗ ಒಂದೂ ತಿಳೀವಲ್ದ್ರಿ. ಮೊದಲಿಂದ ಹೇಳ್ತೀರೇನ್ರಿ?"

ನಾನು ಬಾಯಿ ತೆರೆಯುವುದರೊಳಗೆ ಹಂಸಭಾವಿಯವನೊಬ್ಬ ಮೈಕ್ ಹಾಕಿ "ನನಗೂರಿ" ಎಂದ. ಅವನ ಬೆನ್ನಿಗೇ ತಡಸದ ಹುಡುಗಿ, "ನನಗೂರಿ ಮೇಡಂ."

ನನ್ನ ತಲೆ ಕೆಟ್ಟುಹೋಯಿತು. "ಮತ್ತ ಇಷ್ಟು ದಿನ ಬಾಯಾಗ ಏನ್ ಇಟ್ಕೊಂಡಿದ್ರಿ? ದಿನಾ ಕೇಳ್ತಿದ್ದಿಲ್ಲೇನು ನಾ?"

ತಡಸದವಳು ಮೆಲ್ಲಗೆ ಹೇಳಿದಳು: "ನೀವು ಕೇಳಸಾಕತ್ತೈತೇನು ಅಂತ ಅಷ್ಟ ಕೇಳ್ತಿದ್ರಿ ಮೇಡಂ. ಕೇಳಸಾಕತ್ತಿತ್ತ್ರಿ."

ನೀರು ಕುಡಿದು, ಮೊದಲನೇ ಪಾಠ ತೆಗೆದೆ.