ತಾನೇ ತೆಗೆಯುವ ಕ್ಯಾಮೆರಾ

ಕ್ಯಾಮೆರಾ ಕೊಳ್ಳಲು ಹೊರಟಿದ್ದೇನೆಂದು ನಾನು ಯಾರಿಗೂ ಹೇಳಿರಲಿಲ್ಲ. ಐವತ್ತಾರು ವರ್ಷದ ಹೈಸ್ಕೂಲು ವಿಜ್ಞಾನದ ಟೀಚರು ಒಂದೊಂದೇ ಸೀರೆ ಉಟ್ಟು ತನ್ನ ಫೋಟೋವನ್ನು ತಾನೇ ತೆಗೆದುಕೊಳ್ಳಲು ಹೊರಟಿದ್ದಾಳೆಂದರೆ ನಮ್ಮ ಹೊಸಕೋಟೆಗೆ ಎರಡು ದಿನದ ಮಾತಿಗೆ ಸಾಕು. ಮೂರನೆಯ ದಿನ ನಿಜವಾದ ಕಾರಣ ತಿಳಿದರೆ ಮಾತು ನಿಲ್ಲಿಸಿ, ಹಣ್ಣು ಹಿಡಿದುಕೊಂಡು ಮನೆಗೇ ಬಂದುಬಿಡುತ್ತಾರೆ. ಅದು ಇನ್ನೂ ಕಷ್ಟ.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಕಾರಣ ಹೇಳಿಬಿಡುತ್ತೇನೆ. ನನ್ನ ಎಡ ಎದೆಯಲ್ಲಿ ಗಡ್ಡೆಯಿದೆ. ಕ್ಯಾನ್ಸರ್. ಮುಂದಿನ ತಿಂಗಳು ಎದೆಯನ್ನೇ ತೆಗೆಯುತ್ತಾರೆ, ಆಮೇಲೆ ಕೊಡುವ ಔಷಧಿಗೆ ಕೂದಲೂ ಹೋಗುತ್ತದಂತೆ. ‘ಇನ್ನೂ ಸ್ವಲ್ಪ ಮೊದಲೇ ಬಂದಿದ್ದರೆ ಚೆನ್ನಾಗಿತ್ತು’ ಎಂದರು ಡಾಕ್ಟರು. ಪರೀಕ್ಷೆಯ ಹಿಂದಿನ ದಿನ ಪುಸ್ತಕ ತೆರೆದು ಕೂತ ಮಕ್ಕಳಿಗೆ ನಾನೂ ಎಷ್ಟೋ ವರ್ಷ ಇದೇ ಮಾತು ಹೇಳಿದ್ದೇನೆ. ಅದನ್ನು ಕೇಳಿಸಿಕೊಂಡವರಿಗೆ ಏನೂ ಉಪಯೋಗವಿಲ್ಲ ಎಂಬುದು ಈಗ ಗೊತ್ತಾಯಿತು.

ಇಂಥ ಹೊತ್ತಿನಲ್ಲಿ ಫೋಟೋದ ಹುಚ್ಚೇಕೆ ಎಂದು ಕೇಳುತ್ತೀರಿ. ಅದಕ್ಕೆ ನಮ್ಮ ಅತ್ತೆಯವರ ವಿಷಯ ಹೇಳಬೇಕು. ಸಮೇತನಹಳ್ಳಿಯಲ್ಲಿ ರಾಗಿ ಹೊಲ, ಎರಡು ಹಸು, ಇಷ್ಟರಲ್ಲೇ ಜೀವ ಸವೆಸಿದವರು. ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ಅವರು ತೀರಿಕೊಂಡಾಗ ಹನ್ನೊಂದನೆಯ ದಿನದ ತಿಥಿಗೆ ಎಡೆಯ ಮುಂದೆ ಇಡಲು ಒಂದು ಫೋಟೋ ಇಲ್ಲ. ಸಿಕ್ಕಿದ್ದು ಆಧಾರ್ ಕಾರ್ಡಿನದು, ಅದರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದವರ ಹಾಗೆ ಕಣ್ಣು ಬಿಟ್ಟುಕೊಂಡಿದ್ದರು. ಅದನ್ನೇ ನಮ್ಮ ಬೀದಿಯ ಸ್ಟುಡಿಯೋದ ಮುನಿರಾಜುವಿಗೆ ಕೊಟ್ಟೆವು. ಆತ ತಲೆಯನ್ನಷ್ಟೇ ಕತ್ತರಿಸಿ, ಕಂಪ್ಯೂಟರಿನಲ್ಲಿ ಸಿದ್ಧವಾಗಿದ್ದ ಒಂದು ಮೈಗೆ ಅಂಟಿಸಿದ. ಗಿಳಿಹಸಿರು ರೇಷ್ಮೆ ಸೀರೆ, ಕೆಂಪು ಅಂಚು, ತೊಡೆಯ ಮೇಲೆ ಮಡಿಸಿಟ್ಟ ನುಣುಪು ಕೈ, ಕೈಗೆ ನಾಲ್ಕು ಚಿನ್ನದ ಬಳೆ. ಸಗಣಿ ಬಾಚಿ ಬಾಚಿ ಒರಟಾದ ಅತ್ತೆಯ ಕೈ ಎಲ್ಲೋ ಹೋಗಿತ್ತು. ತಿಥಿಗೆ ಬಂದವರು ‘ಲಕ್ಷ್ಮಿ ಇದ್ದಂಗವ್ಳೆ’ ಎಂದರು, ನಾವೂ ಹೌದೆಂದುಕೊಂಡೆವು.

ಎರಡು ವರ್ಷದ ಮೇಲೆ, ಹಳ್ಳಿಯಲ್ಲಿ ಅತ್ತೆಯ ಎದುರುಮನೆಯ ಪುಟ್ಟಮ್ಮ ಹೋದರು. ಹೊಲದ ಬದುವಿನ ಜಗಳದಲ್ಲಿ ಅವರೂ ನಮ್ಮತ್ತೆಯೂ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದರು. ತಿಥಿಗೆ ಹೋದರೆ, ಫೋಟೋದಲ್ಲಿ ಪುಟ್ಟಮ್ಮನಿಗೂ ಅದೇ ಹಸಿರು ಸೀರೆ, ಅದೇ ನಾಲ್ಕು ಬಳೆ, ಅದೇ ಕೈ. ನಮ್ಮ ಮನೆಯವರು ಬಿಟ್ಟ ಕಣ್ಣು ಬಿಟ್ಟಂತೆ ನೋಡಿ ಮೆಲ್ಲಗೆ, “ಲೇ, ಅವ್ವನ ಸೀರೆ ಇವ್ಳ್ ಮೈಮೇಲೆ ಹೆಂಗ್ ಬಂತೇ?” ಎಂದರು. “ಸೀರೆ ಒಂದೇ ಅಲ್ಲ ರೀ, ಮೈಯೂ ಅತ್ತೆದೇ” ಎಂದೆ. ತಿಥಿಯ ಮನೆಯಲ್ಲಿ ನಗು ತಡೆದುಕೊಳ್ಳಲು ಇಬ್ಬರೂ ಪಟ್ಟ ಪಾಡು ದೇವರಿಗೇ ಪ್ರೀತಿ.

ರಿಪೋರ್ಟು ಬಂದ ದಿನದಿಂದ ನನಗೆ ಆ ನಗು ಬರುತ್ತಿಲ್ಲ. ಎದೆಯನ್ನು ಆಸ್ಪತ್ರೆಯವರು ತೆಗೆಯುತ್ತಾರೆ, ಉಳಿದ ಮೈಯನ್ನು ಮುನಿರಾಜು ತೆಗೆಯುತ್ತಾನೆ. ಕೊನೆಗೆ ಗೋಡೆಯ ಮೇಲೆ ನನ್ನ ತಲೆ, ಕೊರಳಿನ ಕೆಳಗೆ ಯಾರದೋ ಜೀವನ. ಬೀರುವಿನಲ್ಲಿ ನನ್ನವೇ ಸೀರೆಗಳಿವೆ. ಮೊದಲ ಸಂಬಳದ ನೇರಳೆ ಸೀರೆ, ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲೇ ಕೂತು ಆರಿಸಿದ ಮಾವಿನಂಚಿನದು, ಶಿವಗಂಗೆ ಬೆಟ್ಟ ಹತ್ತುವಾಗ ಅಂಚು ಹರಿದು ನಾನೇ ಹೊಲಿದುಕೊಂಡದ್ದು. ಇವನ್ನು ನನ್ನ ಇಡೀ ಮೈಯ ಮೇಲೆ ಒಂದೊಂದು ಸಲ ಕಾಣಬೇಕು, ಅಷ್ಟೆ. ಸಾಯಲು ಹೆದರಿಕೆಯಿಲ್ಲ ಎಂದು ಬರೆಯುವ ಆಸೆಯಿತ್ತು. ಬಹಳ ಹೆದರಿಕೆಯಿದೆ.

ಫೋನಿದೆಯಲ್ಲ ಎನ್ನುತ್ತೀರಿ. ಅದರಲ್ಲಿ ನಾನು ಏನು ತೆಗೆದರೂ ಮರುಕ್ಷಣ ಮಗಳ ಫೋನಿನಲ್ಲೂ ಕಾಣುವ ಹಾಗೆ ಅವಳೇ ಮಾಡಿಕೊಟ್ಟಿದ್ದಾಳೆ. ಮನೆಯವರ ಕೈಗೆ ಕೊಡೋಣವೆಂದರೆ, ಮೂವತ್ತು ವರ್ಷದಲ್ಲಿ ಅವರು ತೆಗೆದ ಫೋಟೋಗಳಲ್ಲೆಲ್ಲ ನನಗಿಂತ ಅವರ ಹೆಬ್ಬೆರಳೇ ಚೆನ್ನಾಗಿ ಬಂದಿದೆ. ಅದೂ ಅಲ್ಲದೆ, ಎಲ್ಲ ಸರಿಹೋಗುತ್ತದೆಂದು ದಿನಕ್ಕೆ ಹತ್ತು ಸಲ ಹೇಳುವ ಮನುಷ್ಯನ ಎದುರು ತಿಥಿಯ ಫೋಟೋಗೆ ನಿಲ್ಲುವುದು ಹೇಗೆ? ಹಾಗಾಗಿ ತಾನೇ ಎಣಿಸಿ ತಾನೇ ಕಣ್ಣು ಮಿಟುಕಿಸುವ ಕ್ಯಾಮೆರಾ ಬೇಕಿತ್ತು. ಗುಂಡಿಗಳು ಕಡಿಮೆಯಿರಬೇಕು, ಬೆಲೆ ಒಂದು ರೇಷ್ಮೆ ಸೀರೆಯನ್ನು ದಾಟಬಾರದು.

ಹಳೆಯ ಕ್ಯಾಮೆರಾ ಮಾರುವವನು ನಮ್ಮೂರಿನಲ್ಲಿ ಅದೇ ಮುನಿರಾಜು. ಮೊದಲು ಕಲ್ಲುಗುಂಡಿನಷ್ಟು ಭಾರದ್ದೊಂದನ್ನು ಕೈಗಿಟ್ಟ. ಅದರ ಮೈಯೆಲ್ಲ ಗುಂಡಿ. ಬೇಡವೆಂದೆ.

“ಟೀಚರೇ, ರೀಲ್ಸ್ ಮಾಡೋಕಾ?”

“ಹಂಗೇ ಅಂದ್ಕೊಳಪ್ಪ.”

“ಹಂಗಾದ್ರೆ ಈ ಚಿಕ್ಕದು ತಗೊಳಿ. ಪರದೆ ಮುಂದಕ್ಕೆ ತಿರುಗ್ತದೆ, ನಿಮ್ಮನ್ನ ನೀವೇ ನೋಡ್ಕಂಡು ನಿಂತ್ಕೋಬೋದು. ಟೈಮರ್‌ಗೆ ಬೇರೆ ಗುಂಡೀನೇ ಐತೆ. ಒತ್ತಿ, ಓಡಿ, ನಿಂತ್ಕಳಿ. ಹತ್ತು ಸೆಕೆಂಡು.”

ಬಾಯಿ ಸುಮ್ಮನಿರಲಿಲ್ಲ. ಆ ಹಸಿರು ಸೀರೆ ಇನ್ನೂ ಇಟ್ಟಿದ್ದೀಯಾ ಎಂದು ಕೇಳಿದೆ.

“ಅಯ್ಯೋ, ಅದು ಹಳೇದಾಯ್ತು ಬಿಡಿ. ಈಗ ಹೊಸಾ ಬಾಡಿ ಬಂದವೆ, ಮೂವತ್ತು ನಮೂನೆ. ಒಡವೇನೂ ಕೇಳ್ದಂಗೆ ಹಾಕ್ಕೊಡ್ತೀನಿ.”

ಚೌಕಾಸಿ ಕೂಡ ಮಾಡದೆ ಚಿಕ್ಕದನ್ನೂ ಒಂದು ಮುಕ್ಕಾಲಿ ಸ್ಟ್ಯಾಂಡನ್ನೂ ಕೊಂಡು ಬಂದೆ.

ಎಂಟನೆಯ ತರಗತಿಗೆ ನಾನು ರಟ್ಟಿನ ಡಬ್ಬಿಯಲ್ಲಿ ಸೂಜಿರಂಧ್ರದ ಕ್ಯಾಮೆರಾ ಮಾಡಿ ತೋರಿಸುತ್ತೇನೆ. ಬೆಳಕು ನೆಟ್ಟಗೇ ಹೋಗುತ್ತದೆ, ಆದರೆ ಚಿತ್ರ ತಲೆಕೆಳಗಾಗಿ ಬೀಳುತ್ತದೆ ಎಂದರೆ ಮಕ್ಕಳು ಕೇಕೆ ಹಾಕುತ್ತಾರೆ. ಫೋಟೋ ಹೊಸದಾಗಿ ಬಂದ ಕಾಲದಲ್ಲಿ ಒಂದು ಚಿತ್ರ ಮೂಡಲು ನಿಮಿಷಗಟ್ಟಲೆ ಬೇಕಿತ್ತು, ಕೂತವರು ಅಲುಗದಂತೆ ಕತ್ತಿನ ಹಿಂದೆ ಕಬ್ಬಿಣದ ಆಸರೆ ಕೊಡುತ್ತಿದ್ದರಂತೆ. ಆಗಿನವರು ಯಾರೂ ನಗದಿರುವುದು ಗಾಂಭೀರ್ಯದಿಂದಲ್ಲ, ಅಷ್ಟು ಹೊತ್ತು ನಗುವನ್ನು ಹಿಡಿದಿಡಲಾಗದು. ಬೇಲೂರಿನ ದರ್ಪಣಸುಂದರಿ ಮಾತ್ರ ನೂರಾರು ವರ್ಷದಿಂದ ಕನ್ನಡಿ ಹಿಡಿದು ತನ್ನ ಅಲಂಕಾರ ನೋಡಿಕೊಳ್ಳುತ್ತಿದ್ದಾಳೆ. ಕಲ್ಲಿಗೆ ಅವಸರವಿಲ್ಲ, ಡಾಕ್ಟರು ಕೊಟ್ಟ ತಾರೀಖೂ ಇಲ್ಲ.

ಭಾನುವಾರ ಮನೆಯವರು ಸೂಲಿಬೆಲೆಗೆ, ತಮ್ಮ ತಂಗಿಯ ಮನೆಗೆ ಹೋದರು. ನಾನು ಮಂಚದ ತುಂಬ ಸೀರೆ ಹರವಿ ಕೆಲಸಕ್ಕಿಳಿದೆ. ಮೊದಲ ಫೋಟೋದಲ್ಲಿ ಬರಿಯ ಗೋಡೆ. ಎರಡನೆಯದರಲ್ಲಿ ಓಡುತ್ತಿರುವ ನನ್ನ ಬೆನ್ನು. ಮೂರನೆಯ ಸಲ ಸೆರಗು ಸ್ಟ್ಯಾಂಡಿಗೆ ಸಿಕ್ಕಿ ನಾನೂ ಕ್ಯಾಮೆರಾವೂ ಒಟ್ಟಿಗೇ ಮುಗ್ಗರಿಸಿದೆವು. ನೆರಿಗೆ ಸರಿಯಾದರೆ ಮುಖ ಸರಿಯಿಲ್ಲ. ಮುಖ ಸರಿಮಾಡಿಕೊಂಡರೆ, ಏಳನೆಯ ಸೆಕೆಂಡಿಗೆ ನಗು ದೋಸೆಹಿಟ್ಟಿನಂತೆ ಹುಳಿ ಬರುತ್ತದೆ. ಅಷ್ಟರಲ್ಲೂ ಒಂಬತ್ತು ಸೀರೆ ಮುಗಿದಿತ್ತು. ನೇರಳೆಯದನ್ನು ಉಟ್ಟು, ಗುಂಡಿ ಒತ್ತಿ, ಓಡಿ ನಿಂತು ನೋಡಿದರೆ ಬಾಗಿಲಲ್ಲಿ ಮನೆಯವರು.

“ಏನೇ ಇದು?”

ರೀಲ್ಸ್ ಎನ್ನಬಹುದಿತ್ತು. ಕ್ಯಾಮೆರಾ ಕುಯ್ ಕುಯ್ ಎಂದು ಎಣಿಸುತ್ತಿತ್ತು, ಸುಳ್ಳು ಹೊಳೆಯಲಿಲ್ಲ. “ತಿಥಿಗೆ ಫೋಟೋ ತೆಗೀತಿದೀನಿ. ಆ ಮುನಿರಾಜು ನನ್ ತಲೇನ ಯಾರ್ ಮೈಗೂ ಅಂಟಿಸ್ಬಾರದು” ಎಂದೆ.

ಅವರು ಸೀರೆಗಳ ಮೇಲೇ ಕೂತುಬಿಟ್ಟರು. ಎಲ್ಲ ಸರಿಹೋಗುತ್ತದೆ ಎಂದು ಆ ದಿನ ಹೇಳಲಿಲ್ಲ. ಎದ್ದು ಹೋಗಿ, ಮುಖ ತೊಳೆದು, ಇಸ್ತ್ರಿಯ ಬಿಳಿ ಶರ್ಟು ಹಾಕಿಕೊಂಡು ಬಂದು ನನ್ನ ಎಡಕ್ಕೆ ನಿಂತರು.

“ನನ್ನೂ ಸೇರಿಸ್ಕೊ.”

“ಇಬ್ರಿರೋ ಫೋಟೋ ತಿಥಿಗೆ ಬರಲ್ಲ ರೀ.”

“ಅದಕ್ಕೇ ನಿಂತ್ಕೋತಿರೋದು.”

ನನಗೆ ಅಳು ಬಂತು. ಅತ್ತುಬಿಟ್ಟೆ. ಆಮೇಲೆ ಗುಂಡಿ ಒತ್ತಿ ಓಡಿ ಬಂದೆ, ಅವರು ನನ್ನ ಎಡ ಭುಜದ ಮೇಲೆ ಕೈ ಹಾಕಿದರು. ಫೋಟೋದಲ್ಲಿ ಅವರು ಕಣ್ಣು ಮುಚ್ಚಿಕೊಂಡುಬಿಟ್ಟಿದ್ದರು. ಇನ್ನೊಂದು ತೆಗೆಯೋಣವೆಂದೆ.

“ಈಗ್ ಬೇಡ. ಆಪರೇಷನ್ ಆಗಿ ಬಾ, ಇದೇ ಸೀರೇಲಿ ತೆಗೆಯೋಣ.”

“ಆಗ ಈ ರವಿಕೆ ನಂಗೆ ಸರಿಹೋಗಲ್ಲ.”

“ಬೇರೆ ಹೊಲಿಸಿದ್ರಾಯ್ತು.”

ಮಾರನೆಯ ದಿನ ಶಾಲೆ ಬಿಟ್ಟು ಬರುವಾಗ ಅದೇ ನೇರಳೆ ಬಣ್ಣದ ರವಿಕೆ ಬಟ್ಟೆ ಕೊಂಡು ದರ್ಜಿಯ ಹತ್ತಿರ ಇಟ್ಟೆ. ಅಳತೆ ಆಮೇಲೆ ಕೊಡುತ್ತೇನೆಂದು ಹೇಳಿ ಬಂದಿದ್ದೇನೆ.