ಬೀದಿಗೆಲ್ಲ ಆಳವಾದ ಕೊಳಾಯಿ ಗುಂಡಿ

ಹಳೆಯದೆಲ್ಲ ಚೆನ್ನಾಗಿತ್ತು ಎನ್ನುವವರ ಜೊತೆ ನಾನು ಜಗಳಕ್ಕೇ ಬೀಳುತ್ತೇನೆ. ನೀರಿಗಾಗಿ ಕಾಯುವುದರಲ್ಲಿ ಏನು ಚೆಂದ? ಹಿಂದೂಪುರದ ನಮ್ಮ ಬೀದಿಗೆ ಈಗ ಹೊಸ ಪೈಪು ಬಂದಿದೆ, ಗುಂಡಿಗಳ ಮೇಲೆ ಸಿಮೆಂಟು ಬಿದ್ದಿದೆ. ಒಳ್ಳೆಯದೇ ಆಯಿತು. ಆದರೂ ಆ ಸಿಮೆಂಟಿನ ಮೇಲೆ ಕಾಲಿಟ್ಟಾಗಲೆಲ್ಲ ನನ್ನ ವಾದ ಸ್ವಲ್ಪ ಸಡಿಲವಾಗುತ್ತದೆ.

ಆಗ ನಮ್ಮಲ್ಲಿ ಕೊಳಾಯಿ ಇರುತ್ತಿದ್ದದ್ದು ಮನೆಯ ಮುಂದೆ ತೋಡಿದ ಗುಂಡಿಯೊಳಗೆ. ನೀರು ಬಿಟ್ಟ ದಿನವೂ ಪೈಪಿನಲ್ಲಿ ಮೇಲೇರುವಷ್ಟು ಒತ್ತಡ ಇರುತ್ತಿರಲಿಲ್ಲ. ಹಾಗಾಗಿ ಕೊಳಾಯಿಯನ್ನೇ ಕೆಳಗಿಳಿಸುತ್ತಿದ್ದರು. ಒಬ್ಬರು ತೋಡಿದರೆ ಪಕ್ಕದವರ ಧಾರೆ ಸಣ್ಣಗಾಗುತ್ತಿತ್ತು. ಅವರು ಇನ್ನೂ ಆಳಕ್ಕೆ ತೋಡುತ್ತಿದ್ದರು. ಎಂಟನೇ ತರಗತಿಯಲ್ಲಿ ಮೇಷ್ಟ್ರು ಬಾಟಲಿಗೆ ಮೇಲೊಂದು ಕೆಳಗೊಂದು ತೂತು ಮಾಡಿ ನೀರು ತುಂಬಿದರು. ಕೆಳಗಿನ ತೂತಿನ ನೀರು ಜೋರಾಗಿ ಚಿಮ್ಮಿತು. ನಮಗ್ಯಾರಿಗೂ ಆಶ್ಚರ್ಯವಾಗಲಿಲ್ಲ. ಆಳ ಹೆಚ್ಚಿದಂತೆ ಒತ್ತಡ ಹೆಚ್ಚುತ್ತದೆ ಎಂಬ ಪಾಠವನ್ನು ನಮ್ಮ ಬೀದಿ ಹಾರೆ ಹಿಡಿದೇ ಕಲಿತಿತ್ತು.

ಅದೇ ವರ್ಷ ಅಕ್ಕನ ಸೀಮಂತ. ಹಿಂದಿನ ದಿನ ಬೆಳಿಗ್ಗೆ ನೀರು ಬಂತು. ಅದು ತಪ್ಪಿದರೆ ಮತ್ತೆ ಬರುವುದು ನೆಂಟರೆಲ್ಲ ಉಂಡು ಹೋದ ಮೇಲೆಯೇ. ಅಂಗಳದಲ್ಲಿ ಡ್ರಮ್ಮುಗಳು ಖಾಲಿ, ನಮ್ಮ ಕೊಳಾಯಿಯಲ್ಲಿ ನೂಲಿನಂಥ ಧಾರೆ. ಎದುರುಮನೆಯ ಅತ್ತೆ ಮೊನ್ನೆಯಷ್ಟೇ ತಮ್ಮ ಗುಂಡಿಯನ್ನು ಎದೆಮಟ್ಟಕ್ಕೆ ಇಳಿಸಿದ್ದರು. ಅಲ್ಲಿ ಬಿಂದಿಗೆ ಸದ್ದು ಮಾಡುತ್ತ ತುಂಬುತ್ತಿತ್ತು. ಅಮ್ಮನಿಗೆ ಅಳುವೇ ಬಂದಿತ್ತು.

ಕಲ್ಯಾಣದುರ್ಗದಿಂದ ಬಂದಿದ್ದ ಅಜ್ಜಿ ಸೆರಗು ಸಿಕ್ಕಿಸಿದಳು. "ಹಾರೆ ತಾ ಕಣಮ್ಮ, ನಾವೂ ತೋಡ್ಬುಡಾನ."

"ನಾವು ತೋಡಿದ್ರೆ ಅವ್ರೂ ತೋಡ್ತಾರೆ ಅಜ್ಜಿ. ಎಲ್ಲೀಗಂಟ? ಪಾತಾಳಕ್ಕಾ?" ಎಂದೆ ನಾನು.

"ಮೊದ್ಲು ನಾವು ಸೇರ್ಕೊಳಾನ, ಆಮೇಲೆ ನೋಡಾನ."

ಶಾಲೆಯ ಚರ್ಚಾ ಸ್ಪರ್ಧೆಗೆ ತಯಾರಾಗುತ್ತಿದ್ದ ನಾನು ನೇರವಾಗಿ ಅತ್ತೆಯ ಗುಂಡಿಯ ಅಂಚಿಗೆ ಹೋಗಿ ನಿಂತೆ. "ಅತ್ತೆ, ಇಬ್ರದೂ ಒಂದೇ ಪೈಪು. ನಿಮ್ದು ಕೆಳಗೈತೆ, ಅದಕ್ಕೇ ನೀರೆಲ್ಲ ಇಲ್ಲಿಗೇ ಬತ್ತೈತೆ. ಸ್ವಲ್ಪ ಹೊತ್ತು ನಿಲ್ಸಿ, ನಾವು ಹಿಡ್ಕೋತೀವಿ. ಆಮೇಲೆ ನಾವು ನಿಲ್ಲಿಸ್ತೀವಿ. ಇದು ನ್ಯಾಯ."

ಗುಂಡಿಯಿಂದ ಅತ್ತೆಯ ತಲೆ ಮೇಲೆದ್ದಿತು. "ಏನಮ್ಮಾ ಲಾಯರಮ್ಮ, ನಾನು ನಿಲ್ಸಿದ್ರೆ ನಿಮ್ಮನೇಗೇ ಬತ್ತೈತಾ? ತಗ್ಗಿನ ಮನೆಯೋರು ಗುಂಡಿ ಮುಚ್ಕೊಂಡವ್ರಾ?"

ನಮ್ಮ ಬೀದಿ ಇಳಿಜಾರು. ಇಲ್ಲಿ ನಿಲ್ಲಿಸಿದ ನೀರು ಇನ್ನೂ ಕೆಳಗಿನ ಗುಂಡಿಗಳಿಗೆ ಹೋಗುತ್ತದೆ. ನಾನು ಬೇರೆ ವಾದ ಹುಡುಕುತ್ತಿದ್ದೆ.

"ಸರೇಲೇ, ನಾಳೆ ಸೀಮಂತ ಇಟ್ಕೊಂಡು ಇಲ್ಲಿ ಬಾಷಣ ಮಾಡ್ತೀಯಲ್ಲೇ! ಬಿಂದಿಗೆ ತಾ ಹೋಗು," ಎಂದರು ಅತ್ತೆ.

ಅತ್ತೆ ಕೆಳಗೆ ತುಂಬಿದರು, ಅಮ್ಮ ಮೇಲೆತ್ತಿಕೊಟ್ಟಳು, ಅಜ್ಜಿಯೂ ನಾನೂ ಹೊತ್ತೆವು. ಅವಸರದಲ್ಲಿ ನಾನು ಬರಿ ತಲೆಯ ಮೇಲೇ ಬಿಂದಿಗೆ ಇಟ್ಟುಕೊಂಡೆ. ಅದರ ತಳ ನೆತ್ತಿಗೆ ಒತ್ತಿ ಪ್ರಾಣ ಹೋದಂತಾಯಿತು. ಅಜ್ಜಿ ಹಳೆ ಸೀರೆಯ ತುಂಡನ್ನು ಸುತ್ತಿ, ಸಿಂಬೆ ಮಾಡಿ ಇಟ್ಟಳು. ಅದೇ ಬಿಂದಿಗೆ, ಅದೇ ಭಾರ. ತಲೆಯನ್ನು ಕೆಳಕ್ಕೆ ತಳ್ಳುವ ಬಲ ಚೂರೂ ಕಡಿಮೆಯಾಗಿರಲಿಲ್ಲ. ಹೆಚ್ಚು ಜಾಗಕ್ಕೆ ಹಂಚಿಕೊಂಡಿದ್ದರಿಂದ ಒತ್ತಡ ಇಳಿದಿತ್ತು, ಅಷ್ಟೇ.

ನಮ್ಮ ಕೊನೆಯ ಡ್ರಮ್ಮು ತುಂಬಿ ಸ್ವಲ್ಪ ಹೊತ್ತಿಗೆ ಕೊಳಾಯಿ ಗೊರಗೊರ ಎಂದು ನಿಂತುಹೋಯಿತು. ಅತ್ತೆಯ ಅಂಗಳದಲ್ಲಿ ಅರ್ಧದಷ್ಟು ಪಾತ್ರೆಗಳು ಇನ್ನೂ ಬೋರಲಾಗಿದ್ದವು. ಅಜ್ಜಿಯ ಮುಖ ಸಣ್ಣಗಾಯಿತು. "ನಿಂದೇ ತುಂಬ್ಲಿಲ್ವಲ್ಲೇ ತಾಯಿ."

"ನಾಳೆ ನಮ್ದೆಲ್ಲಾ ಊಟ ನಿಮ್ಮನೇಲೇ ಅಲ್ವಾ? ನಾನ್ಯಾಕೆ ಒಲೆ ಹಚ್ಲಿ?" ಎಂದ ಅತ್ತೆ ಗುಂಡಿಯಿಂದ ಎರಡೂ ಕೈ ಮೇಲಕ್ಕೆ ಚಾಚಿದರು. ಒಂದನ್ನು ಅಜ್ಜಿ, ಇನ್ನೊಂದನ್ನು ನಾನು ಹಿಡಿದು ಎಳೆದೆವು.